ಎಲೆಯಡಿಕೆ ಚೀಲದ ಮಾತ್ರೆ

ಆ ಮನೆಯ ಯಜಮಾನರು ಮೊದಲ ಸಲ ಆಸ್ಪತ್ರೆಗೆ ಬಂದು ಕೇಳಿದ್ದು ನಿದ್ದೆ ಮಾತ್ರೆ. ಭಾರತೀನಗರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದು, ಖಾಲಿ ಗಾಡಿಯನ್ನು ನಮ್ಮ ಆಸ್ಪತ್ರೆಯ ಮುಂದಿನ ಮರದಡಿ ಬಿಟ್ಟು ಬಂದಿದ್ದರು. ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಯಾರಿಗೆ ಎಂದು ಕೇಳಿದರೆ ಹೆಂಡತಿಗೆ ಎಂದರು. ಏನು ಕಾಯಿಲೆ ಎಂದು ಕೇಳಿದಾಗ ಸುತ್ತ ಒಮ್ಮೆ ನೋಡಿ, ತಮ್ಮ ಬಲಗೆನ್ನೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ನಾನು ಓದು ಮುಗಿಸಿ ಆ ಚಿಕ್ಕ ಆಸ್ಪತ್ರೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸರ್ಕಾರದ ಹಣದಲ್ಲಿ ಓದಿದ್ದಕ್ಕೆ ಪ್ರತಿಯಾಗಿ ಹಳ್ಳಿಗಾಡಿನಲ್ಲಿ ಕೆಲವು ವರ್ಷ ದುಡಿಯುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದೆ, ಆದ್ದರಿಂದ ಬಿಟ್ಟು ಹೋಗುವಂತಿರಲಿಲ್ಲ. ಮಂಡ್ಯದಲ್ಲಿ ಮೇಷ್ಟರಾಗಿದ್ದ ಅಪ್ಪನಿಗೆ ನನ್ನ ಮದುವೆಯ ಚಿಂತೆ. ಭಾನುವಾರ ಬಂತೆಂದರೆ ಯಾರಾದರೂ ಗಂಡಿನ ಕಡೆಯವರು ಮನೆಗೆ ಬರುತ್ತಿದ್ದರು. ನಾನು ಬೆಳಗಿನ ಬಸ್ಸಿಗೆ ಹೋಗಿ, ಜರಿಸೀರೆ ಉಟ್ಟು, ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತು, ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದೆ. ಅಲ್ಲಿಯೂ ಇಲ್ಲಿಯೂ ನನ್ನ ಮಾತು ನಡೆಯುವಂತಿರಲಿಲ್ಲ.

ಕಾಯಿಲೆ ನೋಡದೆ ನಿದ್ದೆ ಮಾತ್ರೆ ಕೊಡುವುದಿಲ್ಲ ಎಂದೆ. ಯಜಮಾನರು ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿ, ಗಾಡಿ ಹತ್ತಿ ಎಂದರು. ಕಬ್ಬಿನ ತರಗು ಹಾಸಿದ್ದ ಆ ಗಾಡಿಯಲ್ಲಿ ಕುಳಿತು ನಾಲೆ ಏರಿಯ ಮೇಲೆ ಅವರ ಹಳ್ಳಿಗೆ ಹೋದೆ. ದಾರಿಯಲ್ಲಿ ಅವರು ಮಾತನಾಡಿದ್ದು ಒಂದೇ ವಿಷಯ. ಯಾರಾದರೂ ಕೇಳಿದರೆ ತಮ್ಮ ತಾಯಿಯ ಮಂಡಿನೋವಿಗೆ ನೋಡಲು ಬಂದೆ ಎಂದು ಹೇಳಬೇಕಂತೆ.

ಮನೆ ದೊಡ್ಡದು. ತೊಟ್ಟಿಯ ಒಳಂಗಳ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಕಡೆಯ ಕೋಣೆಗೆ ಕರೆದೊಯ್ದರು. ಒಂದು ಕಾಲಕ್ಕೆ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ ಅದು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಇನ್ನೂ ಗೋಡೆಗೆ ಒರಗಿಸಿದ್ದರು. ಎತ್ತರದಲ್ಲಿ ಒಂದು ಸಣ್ಣ ಕಿಟಕಿ, ಅದಕ್ಕೂ ಗೋಣಿತಾಟು ಕಟ್ಟಿದ್ದರು. ಬಾಗಿಲಿನ ಚಿಲಕ ಹೊರಗಡೆ ಇತ್ತು.

ಆಕೆಗೆ ನಲವತ್ತರ ಆಸುಪಾಸು. ಚಾಪೆಯ ಮೇಲೆ ಗೋಡೆಗೆ ಹಣೆ ಒತ್ತಿಕೊಂಡು ಕುಳಿತಿದ್ದರು. ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಹುಡುಗಿಯಾಗಿದ್ದಾಗಿನಿಂದ ಇತ್ತಂತೆ. ಕೆನ್ನೆಯೊಳಗೆ ಕ್ಯಾನ್ಸರಿನ ಹುಣ್ಣಾಗಿ, ಬೆಂಗಳೂರಿಗೆ ಹೋಗಿ ಕರೆಂಟು, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಬಂದಿದ್ದರು. ಮಳೆಗಾಲ ಕಳೆಯುವುದರೊಳಗೆ ಅದು ಮತ್ತೆ ಹುಟ್ಟಿ ಕೆನ್ನೆಯನ್ನೇ ತೂತು ಮಾಡಿತ್ತು. ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಅಂಬಲಿಯನ್ನು ಚಮಚದ ತುದಿಯಲ್ಲಿ ಹನಿಸಬೇಕು. ಮಾತ್ರೆ ನುಂಗುವುದು ಆಗದ ಮಾತು. ಬೆಂಗಳೂರಿನ ಡಾಕ್ಟರುಗಳು ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದು ಕಳಿಸಿದ್ದರು.

ನೋವು ಹೇಗಿದೆ ಎಂದು ಕೇಳಿದೆ. ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಹಲ್ಲಿನ ಸಂದಿಯಿಂದ ಹೇಳಿದರು.

"ಗಾಣಕ್ಕೆ ಕಬ್ಬು ಕೊಡ್ತಾರಲ್ಲ, ಅಂಗೆ ಕಣಮ್ಮ. ಒಂದು ಜಲ್ಲೆ ಮುಗೀತು ಅನ್ನೋ ಒತ್ಗೆ ಇನ್ನೊಂದ ತುರುಕ್ತಾರೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಗಟ್ಟಿಮುಟ್ಟಾದ ವಿಧವೆ, ಮನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಸೊಸೆ ನರಳುವುದು ಬೀದಿಗೆ ಕೇಳುತ್ತದೆ ಎಂದು ಕಿಟಕಿಗೆ ಗೋಣಿ ಕಟ್ಟಿಸಿದ್ದು ತಾನೇ ಎಂದು ಅವರೇ ಹೇಳಿದರು. ಹೇಳುವಾಗ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೊಮ್ಮಗಳಿದ್ದಾಳೆ, ಹಲಗೂರು ಕಡೆಯ ಒಂದು ಒಳ್ಳೆಯ ಮನೆಯವರು ಹುಡುಗಿಯನ್ನು ಕೇಳಿಸಿದ್ದಾರೆ, ತಾಯಿಗೆ ಇಂಥ ಕಾಯಿಲೆ ಎಂದು ಗೊತ್ತಾದರೆ ವಂಶದ ರೋಗ ಎಂದುಕೊಂಡು ಹಿಂದೆಗೆಯುತ್ತಾರೆ, ಇಷ್ಟೇ ಅವರ ವಾದ. ಸೊಸೆ ಮಳವಳ್ಳಿಯ ತವರಿಗೆ ಹೋಗಿದ್ದಾಳೆಂದು ಊರಿಗೆಲ್ಲ ಹೇಳಿಬಿಟ್ಟಿದ್ದರು.

ಅವತ್ತೇ ನಾನು ನಮ್ಮ ಹಿರಿಯ ಡಾಕ್ಟರ ಬಳಿ ಮಾರ್ಫಿನ್ ಕೇಳಿದೆ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಮಿತಭಾಷಿ. ಬೀರುವಿನ ಒಳಬೀಗ ತೆಗೆದು ಕಡ್ಡಿಯಷ್ಟು ತೆಳುವಾದ ಗಾಜಿನ ನಳಿಗೆಗಳನ್ನು ತೋರಿಸಿದರು. ಒಳಗೆ ಅಕ್ಕಿನುಚ್ಚಿನಂಥ ಬಿಳಿ ಮಾತ್ರೆಗಳು. ನೀರಿನಲ್ಲಿ ಕರಗಿಸಿ ಸೂಜಿಮದ್ದಾಗಿ ಕೊಡಲು ಮಾಡಿದವು. ಹೃದಯಾಘಾತಕ್ಕೆ, ಗಾಡಿ ಚಕ್ರಕ್ಕೆ ಸಿಕ್ಕಿ ಕಾಲು ಮುರಿದವರಿಗೆ, ಒಂದೋ ಎರಡೋ ಸಲ ಕೊಡುವುದು ವಾಡಿಕೆ. ಮನೆಯಲ್ಲಿ ದಿನವೂ ಕೊಡುವುದನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅಭ್ಯಾಸವಾಗಿಬಿಡುತ್ತದೆ ಎಂದರು. ಆಕೆ ಬದುಕುವುದೇ ಕೆಲವು ತಿಂಗಳು, ಅಭ್ಯಾಸವಾದರೆ ಆಗಲಿ ಎಂದೆ. ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಆಗ ಕೇಳುವವರು ನಿನ್ನನ್ನು ಕೇಳುತ್ತಾರೆ ಎಂದರು. ಅದು ನಿಜವಾಗಿತ್ತು. ಒಂದು ಸಲ ಕೊಟ್ಟದ್ದರ ಗುಣ ನಾಲ್ಕೈದು ಗಂಟೆ ಇರುತ್ತದೆ, ನಾನು ಹಗಲಿರುಳು ಆ ಮನೆಯಲ್ಲಿ ಕೂರಲಾರೆ. ಸೂಜಿ ಚುಚ್ಚಲು ಆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಚಮಚದ ನೀರಿನಲ್ಲಿ ಕರಗಿಸಿ ಬಾಯಿಗೆ ಹನಿಸುವುದೊಂದೇ ದಾರಿ, ಅದನ್ನು ಮನೆಯವರೇ ಮಾಡಬೇಕು. ಹಿರಿಯ ಡಾಕ್ಟರು ಕೊನೆಗೆ ಒಂದು ನಳಿಗೆಯನ್ನು ನನ್ನ ಕೈಗೆ ಕೊಟ್ಟರು. ಕೊಡುವವರನ್ನು ನೋಡಿ ಆರಿಸು ಎಂದಷ್ಟೇ ಹೇಳಿದರು.

ಮಾರನೆಯ ದಿನ ಮಧ್ಯಾಹ್ನ ಮೊದಲ ಮಾತ್ರೆ ಕೊಟ್ಟೆ. ಚಮಚದಲ್ಲಿ ಬಿಸಿನೀರು ಹಾಕಿ ಮಾತ್ರೆ ಬಿಟ್ಟರೆ ನೋಡನೋಡುತ್ತಲೇ ಕರಗಿ ನೀರು ನೀರಾಗಿಯೇ ಉಳಿಯಿತು. ತುಟಿಯ ಸಂದಿಗೆ ಹನಿಹನಿಯಾಗಿ ಬಿಟ್ಟೆ. ಕಹಿಗೆ ಆಕೆ ಮುಖ ಹಿಂಡಿದರು. ನಾನು ಪಕ್ಕದಲ್ಲೇ ನಾಡಿ ಹಿಡಿದು ಕುಳಿತೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಾಪೆಯ ಅಂಚನ್ನು ಹಿಡಿದಿದ್ದ ಅವರ ಮುಷ್ಟಿ ತಾನಾಗಿ ಸಡಿಲವಾಯಿತು. ಹಣೆಯನ್ನು ಗೋಡೆಯಿಂದ ತೆಗೆದರು. ಸ್ವಲ್ಪ ಹೊತ್ತಿಗೆ ಮಗಳನ್ನು ಕರೆಯಲು ಹೇಳಿ, ತಲೆ ಬಾಚಿಸಿಕೊಂಡರು. ನೋವಿಗೆ ಯಾರ ಕೈಯನ್ನೂ ತಲೆಗೆ ತಾಗಿಸಿಕೊಳ್ಳದೆ ಕೂದಲು ಜಡೆಗಟ್ಟಿಹೋಗಿತ್ತು. ಹುಡುಗಿ ಸಿಕ್ಕು ಬಿಡಿಸುತ್ತಾ ಅಳುತ್ತಿದ್ದಳು, ತಾಯಿ ಕಣ್ಣು ಮುಚ್ಚಿ ಕುಳಿತಿದ್ದರು.

ಇದು ಅಫೀಮಾ ಎಂದು ಆಕೆಯೇ ಕೇಳಿದರು. ಅದರಿಂದಲೇ ಮಾಡಿದ್ದು ಎಂದು ಒಪ್ಪಿಕೊಂಡೆ. ಮೊದಲ ಎರಡು ಮೂರು ದಿನ ಮಂಪರು ಇರುತ್ತದೆ, ಆಮೇಲೆ ಎಚ್ಚರವಾಗಿಯೇ ಇರಬಹುದು, ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಹರಳೆಣ್ಣೆ ಕೊಡುತ್ತೇನೆ ಎಂದೆಲ್ಲ ವಿವರಿಸಿದೆ. ಆಕೆ ಗಮನವಿಟ್ಟು ಕೇಳಿಸಿಕೊಂಡರು. ಅದುವರೆಗೆ ಅವರ ಕಾಯಿಲೆಯ ಬಗ್ಗೆ ಅವರಿಗೇ ಯಾರೂ ಏನೂ ಹೇಳಿರಲಿಲ್ಲವಂತೆ. ಎಲ್ಲರೂ ಗಂಡನಿಗೆ ಹೇಳಿದ್ದರು, ಗಂಡ ತಾಯಿಗೆ ಹೇಳಿದ್ದರು.

ಮಾತ್ರೆ ಕೊಡುವ ಕೆಲಸವನ್ನು ಅತ್ತೆಗೆ ಒಪ್ಪಿಸಿದೆ. ಬೇರೆ ಯಾರಿದ್ದರು? ಯಜಮಾನರು ಗದ್ದೆಯಲ್ಲಿ, ಹುಡುಗಿ ಇನ್ನೂ ಚಿಕ್ಕವಳು. ಅತ್ತೆಗೆ ಓದು ಬರದಿದ್ದರೂ ಅಳತೆಯಲ್ಲಿ ಬಿಗಿ, ಹೇಳಿದ್ದನ್ನು ತಪ್ಪುತ್ತಿರಲಿಲ್ಲ. ವಾರಕ್ಕೆರಡು ಸಲ ನಾನು ಹೋಗಿ ನೋಡಿ ಬರುತ್ತಿದ್ದೆ. ಆಕೆ ಒಂದಿಷ್ಟು ಅಂಬಲಿ ಕುಡಿಯುವಂತಾದರು. ಕುಳಿತಲ್ಲೇ ಅವರೆಕಾಳು ಬಿಡಿಸಿಕೊಡುತ್ತಿದ್ದರು. ಮಗಳಿಗೆ ಮನೆಯ ಲೇವಾದೇವಿ ಹೇಳಿಕೊಡುತ್ತಿದ್ದರು. ಆದರೆ ಕೋಣೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ನರಳಾಟ ನಿಂತ ಮೇಲೆ ಮನೆಯವರಿಗೆ ಆಕೆಯನ್ನು ಬಚ್ಚಿಡುವುದು ಇನ್ನೂ ಸುಲಭವಾಗಿತ್ತು. ಇದು ನನ್ನ ತಲೆಗೆ ಹೊಳೆದದ್ದು ತಡವಾಗಿ. ಹೊಳೆದ ದಿನ ಬಸ್ಸಿನಲ್ಲಿ ಕುಳಿತು ಇಳಿಯಬೇಕಾದ ಊರು ದಾಟಿ ಚಿಕ್ಕರಸಿನಕೆರೆಯ ತನಕ ಹೋಗಿಬಿಟ್ಟಿದ್ದೆ.

ಹಲಗೂರಿನ ಕಡೆಯವರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಯಜಮಾನರು ಆಸ್ಪತ್ರೆಗೆ ಬಂದರು. ಈ ಸಲ ಮಾತಿಗೆ ತಡವರಿಸಲಿಲ್ಲ.

"ನಾಳೀಕೆ ಒಂದಿನ ಜಾಸ್ತಿ ಕೊಟ್ಬುಡಿ ಡಾಕ್ಟ್ರಮ್ಮ. ಬೆಳಗ್ಗಿಂದ ಸಂಜೆಗಂಟ ಏಳ್ಬಾರ್ದು. ಅವ್ಳು ಎದ್ದಿದ್ರೆ ಒಳಗಿರಾಕಿಲ್ಲ, ನಂಗೊತ್ತು."

ಹೆಚ್ಚಾದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು, ಆಗದು ಎಂದೆ. ಅವರು ಎದ್ದು ಹೊರಟರು. ಹೊರಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಳಿಗೆ ಅವರ ಮನೆಯಲ್ಲಿದೆ. ಹೋಗಿ ಕಿತ್ತುಕೊಂಡು ಬಂದರೆ ಸಂಜೆಯಿಂದಲೇ ಆಕೆ ಮತ್ತೆ ಗೋಡೆಗೆ ಹಣೆ ಒತ್ತಿಕೊಳ್ಳಬೇಕು. ಬಿಟ್ಟರೆ ಅವರು ಏನು ಮಾಡುತ್ತಾರೋ ತಿಳಿಯದು. ಹಿರಿಯ ಡಾಕ್ಟರಿಗೆ ಹೇಳಿದರೆ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಎತ್ತ ಹೊರಳಿದರೂ ಯೋಚನೆ ಆಕೆಯ ಕೆನ್ನೆಗೇ ಬಂದು ನಿಲ್ಲುತ್ತಿತ್ತು. ಮಾರನೆಯ ಬೆಳಿಗ್ಗೆ ಹೊರರೋಗಿಗಳನ್ನು ಬೇಗ ಬೇಗ ನೋಡಿ ಮುಗಿಸಿ ಮಳವಳ್ಳಿ ಬಸ್ಸು ಹತ್ತಿದೆ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ರಸ್ತೆ ತುಂಬ ನಿಂತಿತ್ತು. ಬಸ್ಸು ಅಲುಗಲಿಲ್ಲ. ಇಳಿದು ನಡೆದೆ.

ಮನೆಯ ಮುಂದೆ ಚಪ್ಪಲಿಗಳ ಗುಂಪು, ಒಳಗಿನಿಂದ ಗಂಡಸರ ಮಾತು. ನಾನು ಪಕ್ಕದ ಓಣಿಯಿಂದ ಹೋಗಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೋಣೆಯ ಚಿಲಕ ತೆಗೆದೆ. ಆಕೆ ಅಂಗಾತ ಮಲಗಿದ್ದರು. ಕರೆದರೆ ಓಗೊಡಲಿಲ್ಲ. ರೆಪ್ಪೆ ಎತ್ತಿ ನೋಡಿದರೆ ಪಾಪೆ ಸೂಜಿಮೊನೆಯಷ್ಟಾಗಿತ್ತು. ಉಸಿರು ಒಂದು ಬಂದ ಮೇಲೆ ಇನ್ನೊಂದು ಬರುವುದೋ ಇಲ್ಲವೋ ಎನ್ನುವಷ್ಟು ನಿಧಾನ. ಅದಕ್ಕೆ ಮಾರುಮದ್ದೆಂದು ಪುಸ್ತಕದಲ್ಲಿ ಓದಿದ್ದ ಸೂಜಿ ನಮ್ಮ ಆಸ್ಪತ್ರೆಯಲ್ಲೇ ಇರಲಿಲ್ಲ. ಎತ್ತಿ ಕೂರಿಸಿದೆ. ಮುಖಕ್ಕೆ ನೀರು ಎರಚಿದೆ. ಎದೆಯ ಮೂಳೆಯನ್ನು ಗೆಣ್ಣಿನಿಂದ ತಿಕ್ಕಿದೆ. ಉಸಿರು ತಗೊಳ್ಳಿ, ಉಸಿರು ತಗೊಳ್ಳಿ ಎಂದು ಕಿವಿಯ ಬಳಿ ಹೇಳುತ್ತಲೇ ಇದ್ದೆ. ಹೇಳಿದಾಗ ಒಂದು ಉಸಿರು ಎಳೆಯುತ್ತಿದ್ದರು, ಸುಮ್ಮನಾದರೆ ಅವರೂ ಸುಮ್ಮನಾಗುತ್ತಿದ್ದರು.

ಅತ್ತೆ ಒಳಗೆ ಬಂದರು. ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಅವರು ಸೊಸೆಯ ಮುಖ ನೋಡಿದರು. ಹೊಸಲ ಮೇಲೆ ಕೂತುಬಿಟ್ಟರು.

"ನನ್ನ ಮಗ ಒಂದ್ ಜಾಸ್ತಿ ಆಕು ಅಂದ. ನಾ ಎದ್ಬುಡ್ತಾಳೆ ಅಂತವ ಇನ್ನೂ ಆಕ್ದೆ ಕಣವ್ವ. ಸಾಯ್ಲಿ ಅಂತ ಅಲ್ಲ."

ಬಂದು ಕೈ ಹಿಡಿಯಿರಿ ಎಂದೆ. ಇಬ್ಬರೂ ಎರಡೂ ಕಡೆ ಕುಳಿತು ಆಕೆಯನ್ನು ಮಲಗಗೊಡದೆ ಕರೆಯುತ್ತಾ ಇದ್ದೆವು. ಅತ್ತೆ ಮೊದಲು ಮೆಲ್ಲನೆ ಕರೆದರು. ಆಮೇಲೆ ನೆಂಟರಿಗೆ ಕೇಳಿಸೀತೆಂಬ ಪರಿವೆಯಿಲ್ಲದೆ ಹೆಸರು ಹಿಡಿದು ಕೂಗತೊಡಗಿದರು. ಊರಿಗೆಲ್ಲ ತವರಲ್ಲಿದ್ದಾಳೆಂದು ಹೇಳಿದ್ದ ಸೊಸೆಯ ಹೆಸರು ತೊಟ್ಟಿಯನ್ನು ದಾಟಿ ನಡುಮನೆಗೆ ಹೋಯಿತು. ಗಂಡಸರ ಮಾತು ನಿಂತುಹೋಯಿತು. ಯಜಮಾನರು ಓಡಿ ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಬರಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ.

ಕ್ರಮೇಣ ಉಸಿರು ತಾನಾಗಿ ಬರತೊಡಗಿತು. ಕಣ್ಣು ತೆರೆದ ಆಕೆಗೆ ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಗಂಡನ ಮೈಮೇಲಿನ ಒಗೆದ ಶರ್ಟು, ಅತ್ತೆಯ ಒದ್ದೆ ಮುಖ ನೋಡಿ ಗೊತ್ತಾಯಿತು. ಆಮೇಲೆ ಗಂಡನನ್ನೇ ನೋಡುತ್ತಾ ಹೇಳಿದರು.

"ನೋವಿದ್ರೆ ನಂಗೆ ಬಾಯ್ಬುಡಕ್ಕಾಗಕಿಲ್ಲ. ಮಾತ್ರೆ ತಕ್ಕಂಡ್ರೆ ನೀವು ಬುಡಾಕಿಲ್ಲ. ನಾ ಯಾವಾಗ ಮಾತಾಡ್ಲಿ ಯೋಳಿ."

ಯಜಮಾನರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಆಕೆ ನನ್ನ ಹೆಗಲು ಹಿಡಿದು ಎದ್ದರು. ಈಗಲೇ ನಡೆಯುವುದು ಬೇಡ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅತ್ತೆ ಇನ್ನೊಂದು ಕಡೆ ಹಿಡಿದುಕೊಂಡರು. ಹಾಗೆ ನಾವು ಮೂವರು ಅಡುಗೆಮನೆ ದಾಟಿ, ತೊಟ್ಟಿ ದಾಟಿ ನಡುಮನೆಗೆ ಬಂದೆವು. ತೊಟ್ಟಿಯ ಬಿಸಿಲಿಗೆ ಆಕೆ ಕಣ್ಣು ಕಿರಿದು ಮಾಡಿಕೊಂಡರು.

ಜಮಖಾನೆಯ ಮೇಲೆ ಹುಡುಗ, ಅವನ ತಾಯಿ, ಸೋದರಮಾವ ಕುಳಿತಿದ್ದರು. ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ತಾಯಿಯನ್ನು ಕಂಡು ತಟ್ಟೆಯನ್ನು ನೆಲಕ್ಕಿಟ್ಟು ಅವರ ಪಕ್ಕಕ್ಕೆ ಬಂದಳು. ಆಕೆ ಹುಡುಗನ ತಾಯಿಯ ಎದುರಿಗೆ ಕುಳಿತು ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದರು. ಮಂಪರು ಪೂರಾ ಹೋಗಿರಲಿಲ್ಲ, ಮಾತು ಒಂದೊಂದಾಗಿ ಬರುತ್ತಿತ್ತು.

"ನಾನೇ ಇವಳ ಅವ್ವ. ತವರಿಗೆ ಓಗಿಲ್ಲ. ಇಲ್ಲೇ ಇವ್ನಿ. ಕೆನ್ನೆ ಕೊಳ್ತೋಗದೆ. ಒಗೆಸೊಪ್ಪು ಆಕಿ ಬಂದದ್ದು, ಇವಳಿಗೆ ಬರಾಕಿಲ್ಲ. ಡಾಕ್ಟ್ರಮ್ಮ ಅವ್ರೆ, ಕೇಳ್ಕಳಿ."

ಎಲ್ಲರೂ ನನ್ನ ಕಡೆ ನೋಡಿದರು. ಅಂಟುವುದಿಲ್ಲ, ತಾಯಿಯಿಂದ ಮಗಳಿಗೆ ಬರುವಂಥದ್ದಲ್ಲ ಎಂದೆ. ಹುಡುಗನ ತಾಯಿ ಆಕೆಯ ಸೆರಗನ್ನೇ ನೋಡಿದರು. ಆಮೇಲೆ ಎದ್ದು ಬಂದು, ಪಕ್ಕದಲ್ಲಿ ಕೂತು, ಊಟ ಏನು ಮಾಡ್ತೀರಿ ಎಂದು ಕೇಳಿದರು. ಅವರ ತಂಗಿಯೊಬ್ಬಳಿಗೂ ಹೀಗೇ ಆಗಿತ್ತಂತೆ, ಅದನ್ನೂ ಹೇಳಿದರು. ಇಬ್ಬರೂ ಗಂಜಿ, ಅಂಬಲಿಯ ವಿಷಯ ಮಾತಾಡಿದರು. ಹೊರಡುವಾಗ ಸೋದರಮಾವ ಹೇಳಿ ಕಳಿಸುತ್ತೇವೆ ಎಂದರು. ಅವರು ಹೇಳಿ ಕಳಿಸಲಿಲ್ಲ.

ಸಂಬಂಧ ತಪ್ಪಿದ್ದಕ್ಕೆ ಯಜಮಾನರು ನನ್ನೊಡನೆ ಮಾತು ಬಿಟ್ಟರು. ನಾನು ಹೋದರೆ ಎದ್ದು ಗದ್ದೆಗೆ ಹೋಗುತ್ತಿದ್ದರು. ಆದರೆ ಆಕೆ ಮತ್ತೆ ಹುಳುವಿನ ಕೋಣೆಗೆ ಹೋಗಲಿಲ್ಲ. ತೊಟ್ಟಿಯ ಕಂಬದ ಬಳಿ ಹಾಸಿಗೆ ಹಾಕಿಸಿಕೊಂಡರು. ಊರಿನ ಹೆಂಗಸರು ಮೊದಮೊದಲು ಇಣುಕಿ ಹೋಗುತ್ತಿದ್ದರು, ಆಮೇಲೆ ಬಂದು ಕೂರತೊಡಗಿದರು.

ಮಾತ್ರೆಯನ್ನು ಅತ್ತೆಯ ಕೈಯಿಂದ ತೆಗೆದುಕೊಳ್ಳಲು ಆಕೆ ಒಪ್ಪಲಿಲ್ಲ. ಅತ್ತೆ ಅದಕ್ಕೆ ಬೇಸರಪಡಲಿಲ್ಲ, ತಾನೇ ನಳಿಗೆಯನ್ನು ತಂದು ನನ್ನ ಮುಂದಿಟ್ಟರು. ನಾನು ಅದನ್ನು ಆಕೆಯ ಕೈಗೇ ಕೊಟ್ಟೆ. ಹಿರಿಯ ಡಾಕ್ಟರಿಗೆ ಆ ದಿನ ನಡೆದದ್ದನ್ನೂ ಹೇಳಿದೆ, ಇದನ್ನೂ ಹೇಳಿದೆ. ನೋವಿರುವವರ ಕೈಗೆ ಮಾರ್ಫಿನ್ ಕೊಡುವುದೇ ಎಂದು ಹುಬ್ಬೇರಿಸಿದರು. ಮನೆಯಲ್ಲಿ ಅದರ ಅಳತೆ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿಲ್ಲ ಎಂದೆ. ಅವರು ಮುಂದಿನ ನಳಿಗೆಯನ್ನು ತೆಗೆದುಕೊಟ್ಟರು. ಆಕೆ ಅದನ್ನು ತಮ್ಮ ಹಳೆಯ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು. ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲವನ್ನೂ ತೆಗೆದುಹಾಕಿದ್ದ ಚೀಲ ಅದು. ತಾವೇ ಚಮಚಕ್ಕೆ ನೀರು ಹಾಕಿ, ಮಾತ್ರೆ ಬಿಟ್ಟು, ಕರಗುವ ತನಕ ನೋಡಿ, ಕುಡಿಯುತ್ತಿದ್ದರು. ಮಗಳೊಡನೆ ಮಾತಾಡುವುದಿದ್ದರೆ ಸ್ವಲ್ಪ ತಡ ಮಾಡುತ್ತಿದ್ದರು, ಮೈಕೈ ತೊಳೆಸಿಕೊಳ್ಳುವುದಿದ್ದರೆ ಮುಂಚೆಯೇ ತೆಗೆದುಕೊಳ್ಳುತ್ತಿದ್ದರು. ಕಾಯಿಲೆ ಬೆಳೆದಂತೆ ಅಳತೆಯನ್ನು ಏರಿಸಬೇಕಾಯಿತು. ಪ್ರತಿ ಸಲ ನನ್ನನ್ನು ಕೇಳಿಯೇ ಏರಿಸಿದರು. ಎಲ್ಲವನ್ನೂ ಒಟ್ಟಿಗೆ ಕುಡಿದುಬಿಡುತ್ತಾರೇನೋ ಎಂಬ ಭಯ ನನ್ನನ್ನು ಎಂದೂ ಬಿಡಲಿಲ್ಲ. ಬಸ್ಸಿನಿಂದ ಇಳಿದು ಅವರ ಬೀದಿಯ ತಿರುವಿಗೆ ಬಂದಾಗಲೆಲ್ಲ ಅಳು ಕೇಳಿಸುತ್ತದೆಯೇ ಎಂದು ನಿಂತು ಆಲಿಸುತ್ತಿದ್ದೆ.

ಆಕೆ ತೀರಿಕೊಂಡದ್ದು ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಮಗಳ ಕೈಯಿಂದ ಎಳನೀರು ಕುಡಿದ ಮೇಲೆ. ನಾನು ಹೋದಾಗ ತೊಟ್ಟಿ ತುಂಬ ಜನ. ಯಜಮಾನರು ಅಷ್ಟು ದಿನಗಳ ಮೇಲೆ ನನ್ನ ಬಳಿ ಬಂದು, ಕೊನೆಗೆ ನೋವಿರಲಿಲ್ಲ ಅಲ್ಲವೇ ಎಂದು ಕೇಳಿದರು. ಇರಲಿಲ್ಲ ಎಂದೆ. ಪೂರ್ತಿ ಇರಲಿಲ್ಲ ಎನ್ನಲಾರೆ. ತಡೆದುಕೊಳ್ಳುವಷ್ಟಿತ್ತು. ಮುಂದಿನ ವರ್ಷ ಹುಡುಗಿಗೆ ಮದ್ದೂರಿನ ಹತ್ತಿರದ ಮನೆಯೊಂದಕ್ಕೆ ಮದುವೆಯಾಯಿತು. ಆ ಮನೆಯವರಿಗೆ ಯಜಮಾನರು ಮೊದಲೇ ಎಲ್ಲ ಹೇಳಿದ್ದರಂತೆ.

ನನ್ನ ಅಪ್ಪನಿಗೆ ನಾನು ಭಾನುವಾರಗಳಂದು ಬರುವುದಿಲ್ಲ ಎಂದೆ. ಅವರು ಎರಡು ತಿಂಗಳು ಮುನಿದಿದ್ದು ಆಮೇಲೆ ತಾವೇ ಬಸ್ಸು ಹತ್ತಿ ನನ್ನನ್ನು ನೋಡಲು ಬಂದರು. ಮುಚ್ಚಳಿಕೆಯ ವರ್ಷಗಳು ಮಾತ್ರ ಹಾಗೇ ಉಳಿದಿದ್ದವು.

ಆ ಊರಿನ ಸುತ್ತಮುತ್ತ ಚಮಚದ ಮಾತ್ರೆಯ ಸುದ್ದಿ ಹರಡಿತು. ಇನ್ನೊಂದು ಬೇಸಿಗೆಯ ಮಧ್ಯಾಹ್ನ ಯಜಮಾನರೇ ಗಾಡಿ ಕಟ್ಟಿಕೊಂಡು ಬಂದರು. ಗಾಡಿಯೊಳಗೆ ಅವರ ಅಕ್ಕನ ಗಂಡ, ನಾಲಿಗೆಯ ಹುಣ್ಣಿನಿಂದ ಕುಗ್ಗಿ ಮಗುವಿನಷ್ಟಾಗಿದ್ದ ಮುದುಕ. ಡಾಕ್ಟ್ರಮ್ಮನ ತಾವ ಔಷಧಿ ಅದೆ ಎಂದು ಯಜಮಾನರು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಂತೆ. ಬೀರುವಿನಲ್ಲಿದ್ದ ಕೊನೆಯ ನಳಿಗೆ ಆ ಹೊತ್ತಿಗೆ ಮುಗಿದಿತ್ತು. ಹಿರಿಯ ಡಾಕ್ಟರು ನಿವೃತ್ತರಾಗಿ ಹೋಗಿದ್ದರು. ನಾನು ಎಲ್ಲಿ ಕೇಳಿದರೂ ಆ ಮಾತ್ರೆ ಈಗ ಬರುತ್ತಿಲ್ಲ ಎನ್ನುವ ಉತ್ತರವೇ ಸಿಗುತ್ತಿತ್ತು. ಆಸ್ಪಿರಿನ್ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಟ್ಟೆ. ಅದು ಕರಗದೆ ಚಮಚದ ತಳದಲ್ಲಿ ನಿಂತಿತು. ಮುದುಕ ಅದನ್ನೂ ಕುಡಿದು ನನ್ನ ಮುಖ ನೋಡುತ್ತಾ ಕಾದ.

"ಅದು ಯಾವಾಗ ಬತ್ತದೆ?" ಎಂದು ಯಜಮಾನರು ಕೇಳಿದರು.

ಗೊತ್ತಿಲ್ಲ ಎಂದೆ. ಅವರು ಗಾಡಿಯನ್ನು ನೆರಳಿಗೆ ತಿರುಗಿಸಿ, ಭಾವನ ತಲೆಯಡಿಗೆ ತಮ್ಮ ಟವೆಲ್ಲು ಮಡಿಚಿಟ್ಟು, ಬಿಸಿಲಿಳಿಯುವ ತನಕ ಆಸ್ಪತ್ರೆಯ ಮುಂದೆಯೇ ಕಾದರು. ಆಮೇಲೆ ಪ್ರತಿ ಸಂತೆಯ ದಿನವೂ ಬಂದು ಬಾಗಿಲಲ್ಲಿ ನಿಂತು ಅದನ್ನೇ ಕೇಳಿ ಹೋಗುತ್ತಿದ್ದರು.